ಎದೆಯೊಳಗೇ ಕೂತ ಶಾಕ್ ಮಷೀನು

ನಮ್ಮ ಹುಬ್ಬಳ್ಳಿ ಕಡೆ ಯಾರಾದರೂ ಇದ್ದಕ್ಕಿದ್ದಂತೆ ಕುಸಿದು ತೀರಿಕೊಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಾರ್ಟ್ ಅಟ್ಯಾಕ್ ಆತಂತ." ಆದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಬೇರೆ, ಬಡಿತವೇ ಹದ ತಪ್ಪುವುದು ಬೇರೆ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡಬಹುದು, ನಿಜ. ನಾಳವೆಲ್ಲ ಚೆನ್ನಾಗಿದ್ದವರಲ್ಲೂ ಬಡಿತ ಕೆಡಬಹುದು.

ಹೃದಯದ ಬಲಗಡೆ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಜಾಗವಿದೆ. ಸುಮ್ನೆ ಕೂತಾಗ ಅಲ್ಲಿಂದ ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಅಲೆ ಹೊರಡುತ್ತದೆ. ಅಲೆ ಹರಿದಂತೆ ಸ್ನಾಯು ಹಿಂಡುತ್ತದೆ, ರಕ್ತ ಮುಂದೆ ಹೋಗುತ್ತದೆ. ಹೋಳಿಯಲ್ಲಿ ಬಡಿಯುವ ಜಗ್ಗಲಗಿ ಎಂಬ ಚರ್ಮವಾದ್ಯ ಕೇಳಿದ್ದೀರಲ್ವಾ? ಎಲ್ಲರೂ ಒಂದೇ ಏಟಿಗೆ ಬಡಿದರೆ ಓಣಿಯೇ ನಡುಗುತ್ತದೆ, ತಮತಮಗೆ ತೋಚಿದಂತೆ ಬಡಿದರೆ ಬರೀ ಗದ್ದಲ. ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಅಂದರೆ ಅಂಥ ಗದ್ದಲ. ಕೆಳಗಿನ ಕೋಣೆಗಳು ಸುಮ್ಮನೆ ಅದುರುತ್ತವೆ, ರಕ್ತ ಮಾತ್ರ ಹೋಗುವುದಿಲ್ಲ. ಕೆಲವೇ ಸೆಕೆಂಡಿಗೆ ಎಚ್ಚರ ತಪ್ಪುತ್ತದೆ. ಯಾರೂ ಎದೆ ಒತ್ತದೆ, ಬಡಿತವನ್ನು ಹದಕ್ಕೆ ತರುವ ವಿದ್ಯುತ್ ಶಾಕ್ ಕೊಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಹುಬ್ಬಳ್ಳಿ ಊರೊಳಗಿನ ಉಣಕಲ್ಲಿನಲ್ಲಿ ಬಿದ್ದವರಿಗೇ ಸಮಯ ಸಾಲುವುದು ಕಷ್ಟ. ಕುಂದಗೋಳದ ಹಳ್ಳಿಯೊಂದರ ಹೊಲದಲ್ಲಿ ಬಿದ್ದರೆ?

ಈ ಚಿಂತೆ ಮಿಶೆಲ್ ಮಿರೋವ್ಸ್ಕಿ ಎಂಬ ವೈದ್ಯರನ್ನು ಹಿಡಿದದ್ದು 1966ರಲ್ಲಿ. ಅವರು 1924ರಲ್ಲಿ ವಾರ್ಸಾದಲ್ಲಿ ಹುಟ್ಟಿದವರು. ನಾಜಿಗಳು ಬಂದಾಗ ಹದಿಹರೆಯದಲ್ಲೇ ಮನೆ ಬಿಟ್ಟು ಪಾರಾದರು. ಮುಂದೆ ಫ್ರಾನ್ಸಿನ ಲಿಯೋನ್‌ನಲ್ಲಿ ವೈದ್ಯಕೀಯ ಓದಿ ಇಸ್ರೇಲಿಗೆ ಹೋದರು. ಅಲ್ಲಿ ಅವರಿಗೆ ಗುರುವಾಗಿದ್ದ ಹ್ಯಾರಿ ಹೆಲ್ಲರ್ ಅವರಿಗೆ ಮೇಲಿಂದ ಮೇಲೆ ಬಡಿತ ವಿಪರೀತ ಏರುತ್ತಿತ್ತು. ಒಂದು ದಿನ ಅದೇ ಅವರ ಜೀವ ತೆಗೆಯಿತು. ಶಾಕ್ ಕೊಡುವ ಯಂತ್ರ ಆಗಲೇ ಇತ್ತು, ಆದರೆ ಆಸ್ಪತ್ರೆಯಲ್ಲಿತ್ತು. ಹಾಗಂತ ರೋಗಿಯನ್ನು ಜೀವನಪೂರ್ತಿ ಆಸ್ಪತ್ರೆಯಲ್ಲೇ ಇಡೋಕಾಗುತ್ತಾ? ಯಂತ್ರವನ್ನೇ ರೋಗಿಯ ಮೈಯೊಳಗೆ ಇಡಬೇಕು ಎಂದು ಮಿರೋವ್ಸ್ಕಿ ಹಟ ಹಿಡಿದರು.

1968ರಲ್ಲಿ ಅಮೆರಿಕದ ಬಾಲ್ಟಿಮೋರಿಗೆ ಹೋಗಿ, ಮರುವರ್ಷ ಹೃದಯ ತಜ್ಞ ಮಾರ್ಟನ್ ಮೋವರ್ ಜೊತೆ ಕೆಲಸ ಶುರು ಮಾಡಿದರು. ಹೊರಗಿನಿಂದ ಕೊಡುವ ಶಾಕ್ ಚರ್ಮ, ಎಲುಬು, ಶ್ವಾಸಕೋಶ ದಾಟಬೇಕು. ಅದಕ್ಕೇ ನೂರಾರು ಜೂಲ್ (ಶಕ್ತಿಯ ಅಳತೆ) ಬೇಕಾಗುತ್ತಿತ್ತು. ತಂತಿ ಹೃದಯಕ್ಕೇ ತಾಗಿದ್ದರೆ 25 ಜೂಲ್ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಯಂತ್ರವನ್ನು ಚಿಕ್ಕದು ಮಾಡಲು ಸಾಧ್ಯವಾದದ್ದೇ ಇದರಿಂದ. ಆದರೂ ದೊಡ್ಡ ದೊಡ್ಡ ತಜ್ಞರು ಒಪ್ಪಲಿಲ್ಲ. ಶಾಕ್ ಯಂತ್ರಕ್ಕೇ ಹೆಸರಾಗಿದ್ದ ಬರ್ನಾರ್ಡ್ ಲೌನ್ ಕೂಡ 1972ರಲ್ಲಿ ಇದನ್ನು ಟೀಕಿಸಿ ಬರೆದರು.

ಮಿರೋವ್ಸ್ಕಿ ತಂಡ ಒಂದು ಫಿಲ್ಮ್ ತೋರಿಸುತ್ತಿತ್ತು. ಯಂತ್ರ ಹಾಕಿದ ನಾಯಿ ನಿಂತಿದೆ. ಅದರ ಬಡಿತವನ್ನು ಬೇಕೆಂದೇ ಕೆಡಿಸುತ್ತಾರೆ. ನಾಯಿ ದೊಪ್ಪನೆ ಬೀಳುತ್ತದೆ. ಒಳಗಿನ ಯಂತ್ರ ಅದನ್ನು ತಾನೇ ಗುರುತಿಸಿ ಶಾಕ್ ಕೊಡುತ್ತದೆ. ಮೈ ಒಮ್ಮೆ ಝಾಡಿಸುತ್ತದೆ, ನಾಯಿ ಎದ್ದು ಬಾಲ ಅಲ್ಲಾಡಿಸುತ್ತದೆ. ನೋಡಿದ ಕೆಲವರು, ಬೀಳೋದಕ್ಕೆ ನಾಯಿಗೆ ತರಬೇತಿ ಕೊಟ್ಟಿದ್ದೀರಿ ಅಂದರಂತೆ! ಆಮೇಲೆ ಹೃದಯದ ಬಡಿತ ತೋರಿಸುವ ಇಸಿಜಿ ಗೆರೆಯನ್ನೂ ಜೊತೆಗೇ ಚಿತ್ರಿಸಿದರು. ಇಷ್ಟು ಅವಮಾನ ನುಂಗಿಕೊಂಡು ಕೆಲಸ ಬಿಡದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ.

1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಸಲ ಇದನ್ನು ಮನುಷ್ಯರಿಗೆ ಹಾಕಿದರು. ಆಗ ಎದೆ ತೆರೆಯಬೇಕಿತ್ತು, ಡಬ್ಬಿ ಹೊಟ್ಟೆಯ ಚರ್ಮದ ಕೆಳಗೆ ಕೂರುತ್ತಿತ್ತು. 1985ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಬಂತು. ಮಿರೋವ್ಸ್ಕಿ 1990ರಲ್ಲಿ ತೀರಿಕೊಂಡರು.

ಮೈಯೊಳಗೆ ಇಡುವ ಈ ಶಾಕ್ ಯಂತ್ರಕ್ಕೆ ಐಸಿಡಿ ಎಂದು ಹೆಸರು. ಈಗ ಐಸಿಡಿ ಅಂದರೆ ಎಡಗಡೆ ಕಾಲರ್ ಎಲುಬಿನ ಕೆಳಗೆ ಒಂದು ಚಪ್ಪಟೆ ಡಬ್ಬಿ. ತಂತಿ ರಕ್ತನಾಳದ ಮೂಲಕವೇ ಹೃದಯಕ್ಕೆ ಇಳಿಯುತ್ತದೆ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಪರಿಚಯದ ಕಾಕಾ ಒಬ್ಬರಿಗೆ ಇದನ್ನು ಹಾಕಿದ್ದಾರೆ. "ಮೊದಲನೇ ಸಲ ಹೊಡದಾಗ ಯಾರೋ ಎದೀಗೆ ಗುದ್ದಿದಂಗಾತು ನೋಡು" ಅಂದರು. ಆಮೇಲೆ ಡಾಕ್ಟರು ಒಳಗಿನ ದಾಖಲೆಯ ಪ್ರಿಂಟ್ ತೆಗೆದುಕೊಟ್ಟರಂತೆ. ಕಾಕಾ ಅದನ್ನು ನನಗೂ ತೋರಿಸಿದರು. ಒಂದೇ ಅಂತರದ ಗೆರೆಗಳು, ನಂತರ ಗಿಚ್ಚಿ ಹಾಕಿದಂಥ ಗೊಂದಲ, ಶಾಕಿನ ಗುರುತು, ಮತ್ತೆ ನೆಟ್ಟಗಿನ ಬಡಿತ.

ಐಸಿಡಿ ರೋಗ ವಾಸಿ ಮಾಡುವುದಿಲ್ಲ, ಬಡಿತ ಕೆಟ್ಟಾಗ ಕಾಪಾಡುತ್ತದೆ. ಬೆಲೆಯೂ ಲಕ್ಷಗಟ್ಟಲೆ. ಎಲ್ಲರಿಗೂ ಬೇಕಾಗಿಲ್ಲ, ಬೇಕಾದವರನ್ನು ಮೊದಲೇ ಗುರುತಿಸಬೇಕು. ಓಡುವಾಗ, ಆಡುವಾಗ ಮುನ್ಸೂಚನೆಯೇ ಇಲ್ಲದೆ ಎಚ್ಚರ ತಪ್ಪಿ ಬಿದ್ದ ಹುಡುಗರಿಗೆ "ಪಿತ್ತ ಆಗೇತಿ" ಅಂತ ಲಿಂಬು ಶರಬತ್ತು ಕುಡಿಸಿ ಸುಮ್ಮನಾಗಬೇಡಿ. ಒಂದು ಇಸಿಜಿ ಮಾಡಿಸಿ. ಮನೆತನದಲ್ಲಿ ಸಣ್ಣ ವಯಸ್ಸಿಗೇ ಹಠಾತ್ತನೆ ತೀರಿಕೊಂಡವರಿದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.