ಮೊದಲು ಮಂಡಿಯ ನೀರು, ಆಮೇಲೆ ಮಾತ್ರೆ

ಮಂಡಿ ಬದಲಿಸಿಕೊಂಡವರ ಕೀಲಿನ ನೀರು ಸೋಂಕಿದೆಯಾ ನೋಡಲು ನಮ್ಮ ಮೈಕ್ರೋಬಯಾಲಜಿ ಲ್ಯಾಬಿಗೆ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ: ಆ್ಯಂಟಿಬಯಾಟಿಕ್ ಶುರು ಮಾಡಿದ್ದೀರಾ? ಎಷ್ಟೋ ಸಲ ಉತ್ತರ ಹೌದು. ಮಂಡಿ ಊದಿತ್ತು, ಮೆಡಿಕಲ್ ಶಾಪಿನಲ್ಲಿ ಐದು ದಿನದ ಮಾತ್ರೆ ತಗೊಂಡರು, ನೋವು ಇಳಿಯಿತು, ಮತ್ತೆ ಬಂತು. ಅಲ್ಲಿಗೆ ನಮ್ಮ ಕೆಲಸ ಅರ್ಧ ಕೆಟ್ಟ ಹಾಗೆ.

ಕೃತಕ ಕೀಲು ಲೋಹ, ಪ್ಲಾಸ್ಟಿಕ್ಕಿನದು. ಅದರೊಳಗೆ ರಕ್ತ ಹರಿಯುವುದಿಲ್ಲ. ಹೊಳೆಕಲ್ಲಿಗೆ ಪಾಚಿ ಕಟ್ಟುವಂತೆ ಬ್ಯಾಕ್ಟೀರಿಯಾ ಅದರ ಮೇಲೆ ಲೋಳೆಪೊರೆ ಕಟ್ಟುತ್ತವೆ. ಇದೇ ಬಯೋಫಿಲ್ಮ್. ಮಾತ್ರೆ ಕೀಲಿನ ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಪೊರೆಯೊಳಗಿನವು ಉಳಿಯುತ್ತವೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರಿನಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ, ಸೋಂಕು ಮಾತ್ರ ಅಲ್ಲೇ ಇರುತ್ತದೆ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಆದರೆ ಸಾಮಾನ್ಯವಾಗಿ ಜ್ವರ, ಕೆಂಪು, ಕೀವು ಎಲ್ಲ ತೋರಿಸಿಕೊಂಡೇ ಬರುತ್ತದೆ. ಕಷ್ಟ ಕೊಡುವುದು ಅದರ ಸಾಧು ತಮ್ಮ, ಎಪಿಡರ್ಮಿಡಿಸ್. ಎಲ್ಲರ ಚರ್ಮದ ಮೇಲೂ ಇರುತ್ತದೆ. ಬೇರೆ ಸ್ಯಾಂಪಲ್‌ನಲ್ಲಿ ಕಂಡರೆ ಸುಮ್ನೆ ಚರ್ಮದಿಂದ ಸೇರಿಕೊಂಡಿದ್ದು ಅಂತ ಬಿಡುತ್ತೇವೆ. ಕೃತಕ ಕೀಲಿನಲ್ಲಿ ಸೋಂಕು ತಂದಿದ್ದು ಅದೇ ಇರಬಹುದು, ಹಾಗೆ ಬಿಡುವಂತಿಲ್ಲ. ಅದಕ್ಕೇ ಸರ್ಜನ್‌ಗೆ ಕೀಲಿನೊಳಗೆ ಐದು ಕಡೆಯಿಂದ ಅಂಗಾಂಶದ ಐದು ತುಂಡು ಕೊಡಿ, ಪ್ರತಿಯೊಂದಕ್ಕೂ ಬೇರೆ ಇಕ್ಕಳ ಬಳಸಿ ಅಂತ ಕೇಳುತ್ತೇವೆ. ಐದರಲ್ಲಿ ಕನಿಷ್ಠ ಎರಡು ತುಂಡಿನಲ್ಲಿ ಅದೇ ಜೀವಿ ಬೆಳೆದರೆ ನಂಬುತ್ತೇವೆ. ಗಾಯದ ಬಾಯಿಯಿಂದ ಒರೆಸಿ ಕಳಿಸುವ ಸ್ವಾಬ್ ನನ್ನ ಲೆಕ್ಕದಲ್ಲಿ ದಂಡ. ಅದರಲ್ಲಿ ಬೆಳೆಯುವುದು ಚರ್ಮದ ಮೇಲಿನದ್ದೇ ಜಾಸ್ತಿ.

ಭುಜದ ಕೀಲಿನಲ್ಲಿ ಮೊಡವೆಯ ಬ್ಯಾಕ್ಟೀರಿಯಾ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಸೇರಿಕೊಳ್ಳುತ್ತದೆ. ಆಮ್ಲಜನಕವಿಲ್ಲದ ಡಬ್ಬದಲ್ಲಿ 14 ದಿನ ಇಟ್ಟು ಕಾಯಬೇಕು. ಐದನೇ ದಿನ ಕಲ್ಚರ್ ಪ್ಲೇಟ್ ಬಿಸಾಡಿದರೆ ರಿಪೋರ್ಟಿನಲ್ಲಿ 'ಬೆಳವಣಿಗೆ ಇಲ್ಲ' ಅಂತ ಬರುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ ಟಿಬಿಯನ್ನೂ ಮರೆಯುವಂತಿಲ್ಲ.

ಯಾವ ಜೀವಿ ಅಂತ ಗೊತ್ತಾದರೆ ದಾರಿ ಸಿಗುತ್ತದೆ. ಆಪರೇಷನ್ ಆಗಿ ಕೆಲವೇ ವಾರವಾಗಿದ್ದರೆ ಕೀಲು ತೆರೆದು ತೊಳೆದು, ನಡುವಿನ ಪ್ಲಾಸ್ಟಿಕ್ ಬದಲಿಸಿ ಲೋಹವನ್ನು ಉಳಿಸಬಹುದು. ಪೊರೆ ಹಳೆಯದಾಗಿದ್ದರೆ ಸಾಮಾನ್ಯವಾಗಿ ಇಡೀ ಕೀಲನ್ನೇ ತೆಗೆಯಬೇಕು. ಆ ಜಾಗದಲ್ಲಿ ಆ್ಯಂಟಿಬಯಾಟಿಕ್ ಬೆರೆಸಿದ, ಮೂಳೆಗೆ ಬಳಸುವ ಸಿಮೆಂಟ್ ಇಟ್ಟು, ವಾರಗಟ್ಟಲೆ ಔಷಧಿ ಕೊಟ್ಟು, ಆಮೇಲೆ ಹೊಸದು ಕೂರಿಸುತ್ತಾರೆ. ಸ್ಟ್ಯಾಫಿಲೊಕಾಕಸ್ ಕಟ್ಟಿದ ಪೊರೆಯ ಮೇಲೆ ಚೆನ್ನಾಗಿ ಕೆಲಸ ಮಾಡುವುದು ಟಿಬಿಗೆ ಕೊಡುವ ರಿಫಾಂಪಿಸಿನ್. ಆದರೆ ಒಂದನ್ನೇ ಕೊಟ್ಟರೆ ಕೆಲವೇ ದಿನದಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ. ಜೊತೆಗೆ ಇನ್ನೊಂದು ಇರಲೇಬೇಕು.

ಮಾತ್ರೆ ಆಗಲೇ ತಿಂದಿದ್ದರೆ? ರೋಗಿ ಗಟ್ಟಿಯಿದ್ದರೆ ಸರ್ಜನ್ ಅದನ್ನು ನಿಲ್ಲಿಸಿ ಎರಡು ವಾರ ಕಾದು ನೀರು ತೆಗೆಯುತ್ತಾರೆ. ಚಳಿಜ್ವರ ಬಂದು ಬಿಪಿ ಇಳಿಯುತ್ತಿದ್ದರೆ ಕಾಯುವ ಮಾತೇ ಇಲ್ಲ. ಆಗ ರಕ್ತ, ಕೀಲಿನ ನೀರು ಎರಡನ್ನೂ ತಕ್ಷಣ ತೆಗೆದು ಕೂಡಲೇ ಇಂಜೆಕ್ಷನ್ ಶುರು ಮಾಡುತ್ತಾರೆ.