ನೆನಪಿನ ವಿವರ ಮತ್ತು ನೆನಪಿನ ಉಪಯೋಗ

ಜನರು ಬದುಕಿನ ನೆನಪುಗಳನ್ನು ಮುಖ್ಯವಾಗಿ ಮೂರು ಕೆಲಸಗಳಿಗೆ ಬಳಸುತ್ತಾರೆಂದು ಮನಶ್ಶಾಸ್ತ್ರ ಗುರುತಿಸುತ್ತದೆ: ತಾನು ಯಾರೆಂದು ತಿಳಿಯಲು, ಸಂಬಂಧ ಉಳಿಸಿಕೊಳ್ಳಲು, ಮುಂದಿನ ನಡೆ ನಿರ್ಧರಿಸಲು. ಈ ಮೂರೂ ಎಲ್ಲೆಡೆ ಇವೆ. ಯಾವುದಕ್ಕೆ ಎಷ್ಟು ತೂಕವೆಂಬುದು ಬೆಳೆದ ಪರಿಸರವನ್ನು ಅವಲಂಬಿಸಿದೆ.

ಉಡುಪಿಯಲ್ಲಿ ಆಪ್ತಸಮಾಲೋಚನೆ ನಡೆಸುವ ನಾನು ಎಪ್ಪತ್ತರ ಆಸುಪಾಸಿನ ಮಹಿಳೆಯೊಬ್ಬರಲ್ಲಿ, ನಿಮ್ಮ ಬದುಕಿನ ಸಂತೋಷದ ದಿನ ಯಾವುದೆಂದು ಕೇಳಿದ್ದೆ. 1974ರ ಭೂಸುಧಾರಣೆಯ ಬಳಿಕ ಗೇಣಿಯ ಗದ್ದೆಗೆ ಡಿಕ್ಲರೇಶನ್ ಆಗಿ, ಅಂದರೆ ಉಳುವವರಿಗೇ ಅದರ ಹಕ್ಕು ಸಿಕ್ಕಿ, ತಂದೆ ಆ ಹಕ್ಕಿನ ಕಾಗದವನ್ನು ಬೈರಾಸಿನಲ್ಲಿ (ಹೆಗಲ ಬಟ್ಟೆಯಲ್ಲಿ) ಸುತ್ತಿ ತಂದದ್ದನ್ನೂ ತಾಯಿ ದೈವಕ್ಕೆ ದೀಪ ಇಟ್ಟದ್ದನ್ನೂ ಅವರು ವಿವರಿಸಿದರು. "ಆಗ ನಿಮಗೆ ಏನನ್ನಿಸಿತು ಅಮ್ಮ?" ಎಂದೆ. "ನನಗೆಂತ ಡಾಕ್ಟ್ರೇ, ಅಪ್ಪನ ಮುಖ ನೋಡಬೇಕಿತ್ತು ನೀವು" ಎಂದರು. ತಮ್ಮಂದಿರ ನಡುವೆ ಪಾಲಿನ ಮಾತು ಬಂದಾಗಲೆಲ್ಲ ಅವರು ಇದೇ ದಿನವನ್ನು ನೆನಪಿಸುತ್ತಾರಂತೆ. ಆ ನೆನಪು ಅವರ ಕುಟುಂಬವನ್ನು ಒಟ್ಟಿಗೆ ಹಿಡಿದಿಡುವ ಕೆಲಸ ಮಾಡುತ್ತಿದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಚೀ ವಾಂಗ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ವಿದ್ಯಾರ್ಥಿಗಳ ಮೊದಲ ನೆನಪು ಸರಾಸರಿ ಮೂರೂವರೆ ವರ್ಷದ್ದಾಗಿತ್ತು. ಚೀನಾದವರದ್ದು ಅದಕ್ಕಿಂತ ಸುಮಾರು ಆರು ತಿಂಗಳು ತಡವಾಗಿತ್ತು. ಮೊದಲಿನವರು ತಮ್ಮನ್ನೇ ಕೇಂದ್ರವಾಗಿಟ್ಟು ದೀರ್ಘವಾಗಿ ಬರೆದರೆ, ಎರಡನೆಯವರು ಕುಟುಂಬದ ದಿನಚರಿಯನ್ನು ಚುಟುಕಾಗಿ ಬರೆದರು. ಇದರ ಒಂದು ಬೇರು ತಾಯಿ ಮತ್ತು ಮಗುವಿನ ಮಾತುಕತೆಯಲ್ಲಿದೆ: ಮಗುವಿಗೆ ಏನನ್ನಿಸಿತೆಂದು ಕೆದಕಿ ಕೇಳುವುದು ಅಮೆರಿಕದಲ್ಲಿ ಹೆಚ್ಚು ಕಾಣುವ ರೀತಿ, ಹೇಗೆ ನಡೆದುಕೊಳ್ಳಬೇಕಿತ್ತೆಂದು ತಿಳಿಹೇಳುವುದು ಚೀನಾದಲ್ಲಿ ಹೆಚ್ಚು ಕಾಣುವ ರೀತಿ. ಆದರೆ ಕೂಡುಬಾಳ್ವೆಯ ಸಮಾಜಗಳೆಲ್ಲ ಒಂದೇ ಎಂದು ಭಾವಿಸಬಾರದು. ಹಿರಿಯರ ಪರಂಪರೆಗೆ ಅಪಾರ ಬೆಲೆ ಕೊಡುವ ನ್ಯೂಜಿಲೆಂಡಿನ ಮಾವೊರಿ ಜನರ ಮೊದಲ ನೆನಪು ಮೂರು ವರ್ಷಕ್ಕಿಂತಲೂ ಹಿಂದಿನದೆಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ನಮ್ಮಲ್ಲಿಯೂ ಅಜ್ಜಿ ಮತ್ತು ಬೆಂಗಳೂರಿನಲ್ಲಿ ದುಡಿಯುವ ಮೊಮ್ಮಗಳು ಒಂದೇ ಮದುವೆಯನ್ನು ಒಂದೇ ರೀತಿ ನೆನೆಯುವುದಿಲ್ಲ.

ಇದು ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ ವಿಚಾರ. ಖಿನ್ನತೆಯಲ್ಲಿ ಹಲವರ ನೆನಪು ಮಸುಕಾಗಿ, ಒಂದು ನಿರ್ದಿಷ್ಟ ದಿನವನ್ನು ಹೇಳಿ ಎಂದರೂ "ಆಗೆಲ್ಲ ಕಷ್ಟವೇ" ಎಂಬಂಥ ಸಾಮಾನ್ಯ ಮಾತಷ್ಟೇ ಬರುತ್ತದೆ. ತಮ್ಮ ಭಾವನೆಯನ್ನು ಹೇಳದೆ ಮನೆಯವರನ್ನು ಕುರಿತೇ ಮಾತನಾಡುವುದು ಬೇರೆ. ಆ ಮಹಿಳೆಯ ಮಾತಿನಲ್ಲಿ ಕಾಗದ, ಬೈರಾಸು, ದೀಪ ಎಲ್ಲವೂ ಸ್ಪಷ್ಟವಾಗಿದ್ದವು. ಆದ್ದರಿಂದ ಕೇಸ್ ಶೀಟಿನಲ್ಲಿ "ಭಾವನೆಗಳನ್ನು ಹೇಳಿಕೊಳ್ಳುವುದಿಲ್ಲ" ಎಂದು ಬರೆಯುವ ಮೊದಲು, ಅವರ ಹಾದಿಯಲ್ಲೇ ಸಾಗುವ ಪ್ರಶ್ನೆ ಕೇಳಿರೆಂದು ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತೇನೆ. ಕಾಗದವನ್ನು ಓದಿದವರು ಯಾರು ಎಂದು ಕೇಳಿದಾಗ, ತಂದೆಗೆ ಅಕ್ಷರ ಬರುತ್ತಿರಲಿಲ್ಲ, ಗಟ್ಟಿಯಾಗಿ ಓದಿ ಹೇಳಿದ್ದು ತಾನೇ ಎಂದು ಅವರು ತಿಳಿಸಿದರು. ಅರ್ಧಕ್ಕೆ ನಿಂತ ತಮ್ಮ ಓದಿನ ಬೇಸರವನ್ನು ಹೇಳಿಕೊಂಡದ್ದು ಆ ಬಳಿಕವೇ.