ಪದ ಪರಿಚಯ: ಭಿನ್ನಶೇಷಿ

ಕಾಸರಗೋಡಿನ ಸರಕಾರಿ ಅರ್ಜಿಗಳಲ್ಲಿ, ಸಭೆಗಳ ಬ್ಯಾನರುಗಳಲ್ಲಿ ಕಾಣುವ ‘ಭಿನ್ನಶೇಷಿ’ ಮಲಯಾಳದ ಪದ. ಅಲ್ಲಿ ‘ಶೇಷಿ’ ಎಂದರೆ ಸಾಮರ್ಥ್ಯ. ಭಿನ್ನಶೇಷಿಯವರು ಬೇರೆ ಬಗೆಯ ಸಾಮರ್ಥ್ಯ ಉಳ್ಳವರು. ‘ವಿಕಲಾಂಗರ್’ ಎಂಬ ಹಳೆಯ ಮಾತಿಗಿಂತ ಗೌರವದ್ದು. ಆದರೆ ಅದನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಅರ್ಥ ತಲೆಕೆಳಗಾಗುತ್ತದೆ. ನಮ್ಮಲ್ಲಿ ಶೇಷವೆಂದರೆ ಉಳಿದದ್ದು. ವಿಗ್ರಹ ಭಿನ್ನವಾಯಿತು ಎಂದರೆ ಮುಕ್ಕಾಯಿತು, ಇನ್ನು ಪೂಜೆಗೆ ಸಲ್ಲದು ಎಂದು. ಹೀಗಾಗಿ ಕನ್ನಡ ಅನುವಾದದಲ್ಲಿ ಈ ಪದವನ್ನು ಹಾಗೇ ಇಟ್ಟುಕೊಳ್ಳಲೇಬಾರದು.

ಕರ್ನಾಟಕ ಸರಕಾರದ ‘ವಿಕಲಚೇತನ’ವೂ ನನಗೆ ಒಪ್ಪಿಗೆಯಿಲ್ಲ. ಪೋಲಿಯೊ ಬಂದು ಕಾಲು ಸೋತವರ ಚೇತನಕ್ಕೆ ಏನಾಗಿದೆ? ಕೇಂದ್ರದವರ ‘ದಿವ್ಯಾಂಗ’ ದೈವತ್ವವನ್ನು ಹೊರಿಸುತ್ತದೆ, ಹಕ್ಕಿನ ಮಾತೆತ್ತುವುದಿಲ್ಲ. ‘ವೈಕಲ್ಯ ಇರುವ ವ್ಯಕ್ತಿ’ ಎಂದರೆ ಸಾಕು. ‘ಅಂಗ’ ಎಂದು ಸೇರಿಸುವುದೂ ಬೇಡ. ವೈಕಲ್ಯ ಇರುವವರ ಹಕ್ಕುಗಳ 2016ರ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ, ಮಾನಸಿಕ ಕಾಯಿಲೆ, ಹಿಮೋಫಿಲಿಯಾ ಕೂಡ ಇವೆ. 1995ರ ಕಾಯ್ದೆಯಲ್ಲಿ ಇದ್ದದ್ದು ಏಳೇ.

2016ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಹಳ ಮುಖ್ಯವಾದ ಒಂದು ಅಂಶವಿದೆ: ದೀರ್ಘಕಾಲದ ನ್ಯೂನತೆ ಸುತ್ತಲಿನ ಅಡೆತಡೆಗಳ ಜೊತೆ ಸೇರಿ, ಎಲ್ಲರಂತೆ ಸಮಾಜದಲ್ಲಿ ಪಾಲ್ಗೊಳ್ಳುವುದನ್ನು ತಡೆಯುತ್ತದೆ. ಅಂದರೆ ಅರ್ಧ ಕಾರಣ ಹೊರಗಿದೆ. ಕಣಿವೆಯ ಅಡಿಕೆ ತೋಟದ ಮನೆಯಿಂದ ಡಾಮರು ರಸ್ತೆಗೆ ಹತ್ತುವ ಕಡಿದಾದ ದಾರಿ, ಬಸ್ಸಿನ ಎತ್ತರದ ಮೆಟ್ಟಿಲು ಅಂಥವು. ಮನೆಯಲ್ಲಿ ಕನ್ನಡವೋ ತುಳುವೋ ಕೇಳಿ ಬೆಳೆದ ಮಗುವಿಗೆ ಮಲಯಾಳದಲ್ಲಷ್ಟೇ ಮಾತಿನ ತರಬೇತಿ ಸಿಕ್ಕರೆ ಅದೂ ಅಡೆತಡೆಯೇ. ಗಡಿನಾಡಿನ ಈ ಕಷ್ಟವನ್ನು ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಮಾತು ಬಂದಾಗಲೂ ನಾವು ಮರೆಯುತ್ತೇವೆ.

‘ಎಂಡೋಸಲ್ಫಾನ್ ಸಂತ್ರಸ್ತರು’ ಎಂಬುದು ಬೇರೆಯೇ ಪದ, ಎರಡನ್ನೂ ಬೆರೆಸಬಾರದು. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮುಂತಾದ ಕಡೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸಿಂಪಡಿಸಿದರು. ಸಂತ್ರಸ್ತರಲ್ಲಿ ಕ್ಯಾನ್ಸರ್ ರೋಗಿಗಳೂ ಇದ್ದಾರೆ, ಹುಟ್ಟಿನಿಂದಲೇ ವೈಕಲ್ಯ ಇರುವ ಮಕ್ಕಳೂ ಇದ್ದಾರೆ. ‘ಭಿನ್ನಶೇಷಿ’ ಎಂದು ಅವರನ್ನು ಕರೆದಾಗ ಸಿಂಪಡಿಸಿದವರ ಹೊಣೆ ಮರೆಯಾಗುತ್ತದೆ. ‘ಸಂತ್ರಸ್ತ’ ಎಂದಾಗ ಪರಿಹಾರ ಕೊಡಬೇಕಾದವರು ಯಾರೆಂಬ ಪ್ರಶ್ನೆ ಉಳಿಯುತ್ತದೆ. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಕೊಡಲು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. ಈ ಹಣಕ್ಕೆ ಆಧಾರ ಸಂತ್ರಸ್ತರ ಪಟ್ಟಿ, ಶೇ. 40ರ ವೈಕಲ್ಯ ಪ್ರಮಾಣಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಆ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.